ಚಿಮಣಿಯ ಹೊಗೆ ಬಣ್ಣ ಬದಲಿಸಿದರೆ ಮೊದಲು ಎಲ್ಲಿ ನೋಡಬೇಕು

ಪಡುಬಿದ್ರಿಯಿಂದ ಕಾಪುವಿನ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟರೆ ಬಲಗಡೆಗೆ ಎಲ್ಲೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿ ಕಾಣುತ್ತದೆ. ಅಲ್ಲಿ ತಲಾ 600 ಮೆಗಾವ್ಯಾಟಿನ ಎರಡು ಘಟಕಗಳಿವೆ. ಮೊದಲನೆಯದು 2010ರಲ್ಲಿ, ಎರಡನೆಯದು 2012ರಲ್ಲಿ ವಿದ್ಯುತ್ ಕೊಡತೊಡಗಿದವು. ಅದಕ್ಕೆ ಬೇಕಾದ ಕಲ್ಲಿದ್ದಲು ಹೊರದೇಶದಿಂದ ಹಡಗಿನಲ್ಲಿ ಪಣಂಬೂರಿನ ಬಂದರಿಗೆ ಬಂದು, ಅಲ್ಲಿಂದ ರೈಲು ಹತ್ತುತ್ತದೆ. ಸುತ್ತಲಿನ ಊರುಗಳವರಿಗೆ ಚಿಮಣಿಯ ತುದಿ ದಿನವೂ ಕಣ್ಣಿಗೆ ಬೀಳುವ ವಸ್ತು. ನಮ್ಮ ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್ ಓದಿದ ಹುಡುಗರು ಶಕ್ತಿನಗರ, ಕುಡತಿನಿಗಳಂಥ ಇನ್ನೂ ಹಳೆಯ, ದೊಡ್ಡ ಸ್ಥಾವರಗಳಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದಾರೆ. ಈ ಬರಹ ಮುಖ್ಯವಾಗಿ ಆ ಹುಡುಗರಿಗಾಗಿ, ಕೊನೆಯ ಭಾಗ ಊರಿನವರಿಗಾಗಿ. ಯಾವ ಒಂದು ಸ್ಥಾವರದ ಗುಣದೋಷವನ್ನೂ ಇಲ್ಲಿ ಎಣಿಸುತ್ತಿಲ್ಲ. ವಯಸ್ಸಾಗುತ್ತಿರುವ ಯಾವ ಘಟಕದಲ್ಲಿಯೂ ಕಾಣಿಸಿಕೊಳ್ಳುವ ಲಕ್ಷಣಗಳು ಇವು.

ನಾನು ಮುಖ್ಯವಾಗಿ ಹೇಳಬೇಕಾದದ್ದು ಇಷ್ಟು. ದೋಷ ಚಿಮಣಿಯಲ್ಲಿ ಕಾಣುತ್ತದೆ, ಹುಟ್ಟುವುದು ಮಾತ್ರ ಬಹುಪಾಲು ಬೂದಿ ಇಳಿಯುವ ಜಾಗದಲ್ಲಿ, ಗಾಳಿ ಸೋರುವ ಜಾಗದಲ್ಲಿ ಅಥವಾ ಕಲ್ಲಿದ್ದಲು ಬದಲಾದ ದಿನ. ಹೊಗೆ ಹೆಚ್ಚಾಯಿತೆಂದ ಕೂಡಲೇ ಕಂಟ್ರೋಲ್ ಕೊಠಡಿಯಲ್ಲಿ ಕುಳಿತು ಇಎಸ್‌ಪಿಯ (ಹೊಗೆಯಲ್ಲಿನ ಬೂದಿಯನ್ನು ವಿದ್ಯುತ್ತಿನಿಂದ ಹಿಡಿಯುವ ಸಾಧನ) ವೋಲ್ಟೇಜ್ ಏರಿಸಲು ಹೊರಡುವವರೇ ಹೆಚ್ಚು. ಮೊದಲು ಕೆಳಗಿಳಿದು ಹಾಪರಿನ, ಅಂದರೆ ಹಿಡಿದ ಬೂದಿ ಬಿದ್ದು ಸೇರುವ ತೊಟ್ಟಿಯ, ಬುಡಕ್ಕೆ ಹೋಗಬೇಕು. ಅದಕ್ಕೆ ಖರ್ಚಿಲ್ಲ, ಪರ್ಮಿಟ್ ಬೇಡ, ಕಾಲು ಗಂಟೆ ಸಾಕು.

ಕಾಣುತ್ತಿರುವುದು ಹೊಗೆಯೋ ಹಬೆಯೋ

ಉಪಕರಣ ಮುಟ್ಟುವ ಮೊದಲು ಹೊರಗೆ ನಿಂತು ಚಿಮಣಿಯನ್ನು ನೋಡಿ. ಸೂರ್ಯ ನಿಮ್ಮ ಬೆನ್ನಿಗಿರಲಿ. ಸೂರ್ಯನ ಎದುರಾಗಿ ನೋಡಿದರೆ ತೆಳುವಾದ ಹೊಗೆಯೂ ದಟ್ಟವಾಗಿ ಕಾಣುತ್ತದೆ.

ಬಿಳಿಯ ಮೋಡ ಚಿಮಣಿಯ ಬಾಯಿಯಿಂದ ತುಸು ಮೇಲೆ ಶುರುವಾಗಿ, ಸ್ವಲ್ಪ ದೂರ ಹೋಗಿ ಕರಗಿಹೋದರೆ ಅದು ನೀರಿನ ಹಬೆ. ಗಂಧಕ ತೊಳೆಯುವ ಎಫ್‌ಜಿಡಿ ಇರುವ ಘಟಕದಲ್ಲಿ ಅನಿಲ ಸುಮಾರು 50 ಡಿಗ್ರಿಗೆ ತಣ್ಣಗಾಗಿ, ತೇವ ತುಂಬಿಕೊಂಡೇ ಹೊರಬರುತ್ತದೆ. ಅಲ್ಲಿ ಬಿಳಿ ಮೋಡ ಸಹಜ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಗಾಳಿಯೇ ಒದ್ದೆಯಾಗಿರುವುದರಿಂದ ಆ ಮೋಡ ಬೇಗ ಕರಗದೆ ಬಹುದೂರ ಉಳಿಯುತ್ತದೆ. ಮಳೆಗಾಲದಲ್ಲಿ ಬಂದ ದೂರುಗಳನ್ನು ಇದೊಂದನ್ನು ನೋಡಿಯೇ ಬೇರ್ಪಡಿಸಬಹುದು.

ಹಬೆ ಕರಗಿದ ಮೇಲೂ ಅದರ ಹಿಂದೆ ಬೂದು ಬಣ್ಣದ ಬಾಲ ಉಳಿದರೆ ಅದು ಹಾರುಬೂದಿ. ನೀಲಿ ಛಾಯೆಯಿದ್ದರೆ ಗಂಧಕದ ಟ್ರೈಆಕ್ಸೈಡ್ ತೇವದೊಡನೆ ಸೇರಿ ಆದ ಆಮ್ಲದ ಸೂಕ್ಷ್ಮ ಹನಿಗಳು. ಹಳದಿ ಮಿಶ್ರಿತ ಕಂದು ಸಾರಜನಕದ ಡೈಆಕ್ಸೈಡನ್ನು ಸೂಚಿಸುತ್ತದೆ. ಕಪ್ಪು ಎಂದರೆ ಇಂಧನ ಪೂರ್ತಿ ಉರಿದಿಲ್ಲ. ಬಣ್ಣದ ಜೊತೆಗೆ ಸಮಯವನ್ನೂ ಲಾಗ್ ಪುಸ್ತಕದಲ್ಲಿ ಬರೆದುಕೊಳ್ಳಿ. ಹೊಗೆ ಒಂದೇ ಸಮನೆ ಬರುತ್ತಿದೆಯೋ, ಕೆಲವು ನಿಮಿಷಗಳಿಗೊಮ್ಮೆ ಬಂದು ಹೋಗುತ್ತಿದೆಯೋ ಎಂಬುದು ಬಣ್ಣಕ್ಕಿಂತ ಹೆಚ್ಚಿನ ಸುಳಿವು ಕೊಡುತ್ತದೆ.

ಬೂದು ಹೊಗೆ ನಿಲ್ಲುತ್ತಿಲ್ಲ, ಇಎಸ್‌ಪಿಯ ಒಂದೆರಡು ಫೀಲ್ಡ್ ಟ್ರಿಪ್ ಆಗಿವೆ

ಇದೇ ಅತ್ಯಂತ ಸಾಮಾನ್ಯವಾದ ದೋಷ, ಇದೇ ಅತ್ಯಂತ ಅಪಾಯಕಾರಿಯೂ ಹೌದು. ಇಎಸ್‌ಪಿಯ ಪ್ರತಿ ಫೀಲ್ಡಿನಲ್ಲಿ, ಅಂದರೆ ಬೇರೆಬೇರೆಯಾಗಿ ವಿದ್ಯುತ್ ಪಡೆಯುವ ಪ್ರತಿ ವಿಭಾಗದಲ್ಲಿ, ತೂಗುಬಿಟ್ಟ ತಂತಿಗಳಿಗೆ ಹತ್ತಾರು ಸಾವಿರ ವೋಲ್ಟಿನ ನೇರ ವಿದ್ಯುತ್ ಕೊಟ್ಟು ಬೂದಿಯ ಕಣಗಳಿಗೆ ವಿದ್ಯುದಂಶ ತುಂಬುತ್ತಾರೆ. ಕಣಗಳು ಪಕ್ಕದ ತಗಡುಗಳಿಗೆ ಅಂಟುತ್ತವೆ. ಸುತ್ತಿಗೆಯ ಏಟು ಬಿದ್ದಾಗ ತಗಡಿನಿಂದ ಉದುರಿ ಕೆಳಗಿನ ಹಾಪರಿಗೆ ಬೀಳುತ್ತವೆ. ಅಲ್ಲಿಂದ ಬೂದಿಯನ್ನು ಕೊಳವೆಯಲ್ಲಿ ಎಳೆದು ಬೂದಿ ಕೂಡಿಡುವ ಸೈಲೋಗೆ ಕಳಿಸಬೇಕು. ಈ ಕೊನೆಯ ಕೆಲಸ ನಿಂತರೆ ಹಾಪರ್ ತುಂಬುತ್ತದೆ. ಬೂದಿಯ ರಾಶಿ ಮೇಲೇರಿ ತಂತಿಗೂ ತಗಡಿಗೂ ನಡುವೆ ಸೇತುವೆಯಾದಾಗ ಫೀಲ್ಡ್ ಶಾರ್ಟ್ ಆಗಿ ಟ್ರಿಪ್ ಆಗುತ್ತದೆ. ಹೊಗೆ ಕಾಣುವುದು ಆಮೇಲೆ. ಅಂದರೆ ಚಿಮಣಿ ನಿಮಗೆ ಸುದ್ದಿ ಮುಟ್ಟಿಸುವ ಹೊತ್ತಿಗೆ ಹಾಪರ್ ಕಟ್ಟಿಕೊಂಡು ಗಂಟೆಗಳೇ ಕಳೆದಿರುತ್ತವೆ.

ರಾತ್ರಿ ಪಾಳಿಯಲ್ಲಿ ಬೂದಿ ವಿಭಾಗದ ಹುಡುಗ ಫೋನ್ ಮಾಡಿ, “ಸರ್, ಎರಡನೆಯ ಸಾಲಿನ ಹಾಪರ್ ಎರಡೇ ನಿಮಿಷದಲ್ಲಿ ಖಾಲಿಯಾಯಿತು” ಎನ್ನುತ್ತಾನೆ. ಅದು ಒಳ್ಳೆಯ ಸುದ್ದಿಯೆಂದು ನಂಬಿ ಸುಮ್ಮನೆ ಕೂರಬಾರದು. ನಿರ್ವಾತದಿಂದ ಬೂದಿ ಎಳೆಯುವ ವ್ಯವಸ್ಥೆಯಲ್ಲಿ ಬೂದಿ ಹರಿಯುತ್ತಿರುವಾಗ ಮಾಪಕದ ಮುಳ್ಳು ಏರುತ್ತದೆ, ಹಾಪರ್ ಖಾಲಿಯಾದಾಗ ಇಳಿಯುತ್ತದೆ. ಆದರೆ ಹಾಪರಿನ ಗಂಟಲಿನಲ್ಲಿ ಬೂದಿ ಕಟ್ಟಿಕೊಂಡು ಕೆಳಗೇ ಇಳಿಯದಿದ್ದಾಗಲೂ ಮುಳ್ಳು ಅದೇ ರೀತಿ ಇಳಿಯುತ್ತದೆ. ಖಾಲಿ ಹಾಪರ್ ಮತ್ತು ಕಟ್ಟಿಕೊಂಡ ಹಾಪರ್ ಮಾಪಕದ ಮಟ್ಟಿಗೆ ಒಂದೇ. ಕಲ್ಲಿದ್ದಲು ಅದೇ, ಲೋಡ್ (ವಿದ್ಯುತ್ ಉತ್ಪಾದನೆಯ ಮಟ್ಟ) ಅದೇ, ನಿನ್ನೆ ಹತ್ತು ನಿಮಿಷ ಹಿಡಿದದ್ದು ಇಂದು ಎರಡೇ ನಿಮಿಷದಲ್ಲಿ ಮುಗಿದರೆ ಅದು ಕಟ್ಟಿಕೊಂಡಿದೆ ಎಂದೇ ತಿಳಿಯಿರಿ, ಅಲ್ಲವೆಂದು ಖಚಿತವಾಗುವವರೆಗೆ.

ಖಚಿತಪಡಿಸಿಕೊಳ್ಳುವ ಅಗ್ಗದ ದಾರಿ ಬಿಸಿಯನ್ನು ಅಳೆಯುವುದು. ಬೂದಿ ಹರಿಯುತ್ತಿರುವ ಹಾಪರಿನ ಗಂಟಲು ಬಿಸಿಯಾಗಿಯೇ ಇರುತ್ತದೆ, ಏಕೆಂದರೆ ಹೊಸ ಬೂದಿ ಮೇಲಿನಿಂದ ಬರುತ್ತಲೇ ಇರುತ್ತದೆ. ಕಟ್ಟಿಕೊಂಡ ಹಾಪರಿನಲ್ಲಿ ಹಳೆಯ ಬೂದಿ ಅಲ್ಲಿಯೇ ಕೂತು ತಣಿದಿರುತ್ತದೆ. ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಸಾಲಿನ ಪ್ರತಿಯೊಂದು ಹಾಪರಿನ ಗಂಟಲಿಗೂ ಹಿಡಿದು ಅಂಕಿಗಳನ್ನು ಸೀಸದ ಕಡ್ಡಿಯಲ್ಲಿ ಹಾಪರಿನ ಮೇಲೆಯೇ ಬರೆಯಿರಿ. ಎಲ್ಲವೂ ಬಿಸಿಯಾಗಿದ್ದು ಒಂದು ಮಾತ್ರ ತಣ್ಣಗಿದ್ದರೆ ದೋಷ ಸಿಕ್ಕಿತು. ಮಟ್ಟ ತೋರಿಸುವ ಸ್ವಿಚ್ ಅನ್ನು ಇದರ ಬದಲಿಗೆ ನಂಬಬೇಡಿ. ಹಳೆಯ ಘಟಕಗಳಲ್ಲಿ ಅವು ಸುಳ್ಳು ಅಲಾರ್ಮ್ ಕೊಟ್ಟು ಕೊಟ್ಟು, ಕೊನೆಗೆ ಯಾರೋ ಅಲಾರ್ಮನ್ನೇ ಬಾಯಿ ಮುಚ್ಚಿಸಿರುತ್ತಾರೆ.

ಅನಂತರ ನೋಡಬೇಕಾದದ್ದು ಕಾರಣ. ಹಾಪರಿನ ಹೀಟರ್ ಕೆಲಸ ಮಾಡುತ್ತಿದೆಯೇ? ಹೀಟರ್ ಸತ್ತರೆ ಬೂದಿ ತಣ್ಣಗಾಗಿ ತೇವ ಹೀರಿ ಗಟ್ಟಿಯಾಗುತ್ತದೆ. ನಮ್ಮ ಕಡೆಯಂಥ ಹವೆಯಲ್ಲಿ ಒಂದು ರಾತ್ರಿ ಸಾಕು. ಬೂದಿ ಸಡಿಲವಾಗಿರಲೆಂದು ಹಾಪರಿಗೆ ಊದುವ ಫ್ಲೂಯಿಡೈಸಿಂಗ್ ಗಾಳಿ ಒಣಗಿದೆಯೇ? ಅದರ ಹೀಟರ್ ಕೆಟ್ಟಿದ್ದರೆ ನೀವೇ ಹಾಪರಿಗೆ ತೇವ ಊದುತ್ತಿದ್ದೀರಿ ಎಂದರ್ಥ. ಹೊರಮೈಯ ಉಷ್ಣಕವಚದ ತಗಡು ತುಕ್ಕು ಹಿಡಿದು ಮಳೆನೀರು ಒಳಗೆ ಇಳಿದಿದೆಯೇ? ಹಾಪರಿನ ಬಾಗಿಲಿನ ಸಂದಿಯಿಂದ ಹೊರಗಿನ ಗಾಳಿ ಸೀಟಿ ಹೊಡೆಯುತ್ತ ಒಳಗೆ ಹೋಗುತ್ತಿದೆಯೇ? ಈ ನಾಲ್ಕನ್ನು ನೋಡಿದರೆ ಹತ್ತರಲ್ಲಿ ಎಂಟು ಸಲ ಕಾರಣ ಸಿಗುತ್ತದೆ ಎಂಬುದು ನನ್ನ ಅಂದಾಜು.

ಇಲ್ಲಿ ಎಚ್ಚರಿಕೆಯನ್ನು ಬಿಡಿಸಿ ಹೇಳಲೇಬೇಕು. ಕಟ್ಟಿಕೊಂಡ ಹಾಪರನ್ನು ಸರಳಿನಿಂದ ಚುಚ್ಚುವ ಕೆಲಸ ಸಾಮಾನ್ಯವಾಗಿ ಗುತ್ತಿಗೆಯ ಕೂಲಿಯ ಪಾಲಿಗೆ ಬರುತ್ತದೆ. ಒಳಗೆ ಸಿಕ್ಕಿಕೊಂಡ ಬೂದಿ ಒಮ್ಮೆಲೇ ಸಡಿಲವಾದರೆ ನೀರಿನಂತೆ ಚಿಮ್ಮಿ ಹೊರಬರುತ್ತದೆ. ನೂರು ಡಿಗ್ರಿಗಿಂತ ಬಿಸಿಯಾದ ಬೂದಿ ಅಂಗಿಯೊಳಗೆ, ಬೂಟಿನೊಳಗೆ ಹೊಕ್ಕರೆ ಕೊಡವಿಕೊಳ್ಳಲು ಆಗುವುದಿಲ್ಲ. ಚುಚ್ಚುರಂಧ್ರದ ಎದುರಿಗೆ ಯಾರೂ ನಿಲ್ಲಬಾರದು, ಬದಿಯಲ್ಲಿ ನಿಲ್ಲಬೇಕು. ಮುಖಕ್ಕೆ ಪೂರ್ತಿ ಮುಚ್ಚುವ ಕವಚ, ತೋಳು ಮುಚ್ಚುವ ಕೈಗವಸು, ಬೂಟಿನ ಮೇಲೆ ಇಳಿಬಿಟ್ಟ ಪ್ಯಾಂಟು ಇರಬೇಕು. ಹಿಂದೆ ಓಡಲು ದಾರಿ ತೆರವಾಗಿರಬೇಕು. ಅಡಿಯ ಬಾಗಿಲನ್ನು ಬೂದಿ ತುಂಬಿರುವಾಗ ಬಿಚ್ಚುವುದಂತೂ ಬೇಡವೇ ಬೇಡ. ಕೂಲಿಯವನಿಗೆ ಕವಚ ಕೊಡದೆ ಸರಳು ಕೊಡುವ ಮೇಲ್ವಿಚಾರಕ ತಾನೇ ಮೊದಲು ಅಲ್ಲಿ ನಿಂತು ನೋಡಲಿ.

ಬೂದಿ ಫೀಲ್ಡಿನ ಮಟ್ಟಕ್ಕೇರಿದ್ದು, ಪಾಳಿ ಮುಗಿಯುವುದರೊಳಗೆ ಇಳಿಯುವ ಲಕ್ಷಣ ಕಾಣದಿದ್ದರೆ ಆ ಕೆಲಸ ನಿಲ್ಲಿಸಿ. ಲೋಡ್ ಇಳಿಸಿ, ಮೇಲಧಿಕಾರಿಗೆ ತಿಳಿಸಿ, ಹಾಪರಿನ ಕೆಳಗೆ ಜನರ ಓಡಾಟ ತಡೆಯಿರಿ. ಹಾಪರ್ ಸಾಮಾನ್ಯವಾಗಿ ಒಂದು ಪಾಳಿಯ ಬೂದಿ ಹಿಡಿಯುವಷ್ಟು ದೊಡ್ಡದಾಗಿರುತ್ತದೆ. ಅದರ ಆಧಾರಗಳನ್ನೂ ಒಂದು ಮಿತಿಯ ಭಾರಕ್ಕೇ ಕಟ್ಟಿರುತ್ತಾರೆ. ವರ್ಷಗಟ್ಟಲೆ ಉಪ್ಪುಗಾಳಿಗೆ ತುಕ್ಕು ತಿಂದ ಉಕ್ಕಿಗೆ ಆ ಮಿತಿ ಇನ್ನೂ ಕಡಿಮೆ. ಹಾಪರ್ ಕಳಚಿ ಬೀಳುವುದು ಕಟ್ಟುಕತೆಯಲ್ಲ.

ಹಾಪರ್ ಸರಿಯಿದೆ, ಫೀಲ್ಡ್ ಮಾತ್ರ ಸರಿಯಾಗಿ ಓಡುತ್ತಿಲ್ಲ

ಈಗ ಮಾಪಕಗಳನ್ನು ಓದಬಹುದು. ವೋಲ್ಟೇಜ್ ಮತ್ತು ಕರೆಂಟ್ ಎರಡನ್ನೂ ಒಟ್ಟಿಗೆ ನೋಡಿ. ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ.

ವೋಲ್ಟೇಜ್ ನೆಲಕಚ್ಚಿ ಕರೆಂಟ್ ಮಾತ್ರ ತುಂಬಿ ಹರಿಯುತ್ತಿದ್ದರೆ ಒಳಗೆ ಎಲ್ಲೋ ಶಾರ್ಟ್ ಆಗಿದೆ. ಬೂದಿಯಲ್ಲವೆಂದು ಗೊತ್ತಾದ ಮೇಲೆ ಉಳಿಯುವುದು ತುಂಡಾಗಿ ತಗಡಿಗೆ ಒರಗಿದ ತಂತಿ ಅಥವಾ ಬಿರುಕು ಬಿಟ್ಟ ಇನ್ಸುಲೇಟರ್. ಎರಡೂ ಏರಿಳಿಯುತ್ತ ಕಿಡಿ ಮೇಲೆ ಕಿಡಿ ಬರುತ್ತಿದ್ದರೆ ತುಂಡಾದ ತಂತಿ ಅನಿಲದ ಹರಿವಿನಲ್ಲಿ ತೂಗಾಡುತ್ತಿರಬಹುದು, ಇಲ್ಲವೇ ತಗಡು ಬಾಗಿ ನಡುವಿನ ಅಂತರ ಕಡಿಮೆಯಾಗಿರಬಹುದು. ವೋಲ್ಟೇಜ್ ಸರಿಯಾಗಿಯೇ ಇದ್ದು ಕರೆಂಟ್ ಮಾತ್ರ ಸೊನ್ನೆಯ ಹತ್ತಿರವಿದ್ದರೆ ಸಂಪರ್ಕ ಕಳಚಿರಬೇಕು ಅಥವಾ ತಂತಿಗಳ ಮೇಲೆಯೇ ಬೂದಿ ದಪ್ಪಗೆ ಕಟ್ಟಿರಬೇಕು. ಎರಡನೆಯದಾದರೆ ತಂತಿಗಳ ಸುತ್ತಿಗೆ ನಿಂತಿದೆ. ಅದರ ಮೋಟಾರು, ಶಿಯರ್ ಪಿನ್ ನೋಡಿ. ಮೋಟಾರು ತಿರುಗುತ್ತಿದ್ದು ಪಿನ್ ಮುರಿದಿದ್ದರೆ ಫಲಕದಲ್ಲಿ ಹಸಿರು ದೀಪವೇ ಉರಿಯುತ್ತಿರುತ್ತದೆ. ಮೇಲೆ ಹತ್ತಿ ಕಿವಿಗೊಟ್ಟು ಏಟಿನ ಸದ್ದು ಕೇಳಿಸಿಕೊಳ್ಳದೆ ಅದು ಗೊತ್ತಾಗುವುದಿಲ್ಲ.

ಕರಾವಳಿಗೇ ಮೀಸಲಾದ ಒಂದು ದೋಷವಿದೆ. ಘಟಕ ಕೆಲವು ದಿನ ನಿಂತು, ಮಳೆಗಾಲದ ಬೆಳಗ್ಗೆ ಮತ್ತೆ ಶುರುವಾದಾಗ ಫೀಲ್ಡ್‌ಗಳು ಒಂದರ ಹಿಂದೊಂದು ಟ್ರಿಪ್ ಆಗುತ್ತವೆ. ಹಗಲೇರಿ ಎಲ್ಲ ಬಿಸಿಯಾದ ಮೇಲೆ ಟ್ರಿಪ್ ಆಗದೆ ಓಡತೊಡಗುತ್ತವೆ. ಸರಿಹೋಯಿತೆಂದು ಎಲ್ಲರೂ ಮರೆಯುತ್ತಾರೆ. ಅಸಲಿಗೆ ಇನ್ಸುಲೇಟರಿನ ಮೇಲೆ ಉಪ್ಪು ಮತ್ತು ಬೂದಿಯ ಪದರ ಕೂತಿದೆ, ತೇವ ಬಿದ್ದಾಗ ಅದರ ಮೇಲಿನಿಂದ ವಿದ್ಯುತ್ ಹರಿಯುತ್ತಿದೆ. ಪ್ರತಿ ಸಲ ಹರಿದಾಗಲೂ ಪಿಂಗಾಣಿಯ ಮೇಲೆ ಕಪ್ಪು ಗೆರೆ ಬೀಳುತ್ತದೆ. ಒಂದು ದಿನ ಆ ಗೆರೆಯ ಮೇಲೆಯೇ ಅದು ಸೀಳುತ್ತದೆ. ಇನ್ಸುಲೇಟರಿನ ಹೀಟರ್‌ಗಳನ್ನು ಘಟಕ ಶುರುಮಾಡುವ ಹಲವು ಗಂಟೆ ಮೊದಲೇ ಹಾಕಿ. ಘಟಕ ನಿಂತಿರುವಾಗಲೂ ಮಳೆಗಾಲದಲ್ಲಿ ಅವನ್ನು ಆರಿಸದಿರುವುದೇ ಮೇಲು. ಆ ನಾಲ್ಕು ಯೂನಿಟ್ ಉಳಿತಾಯಕ್ಕೆ ಇನ್ಸುಲೇಟರ್ ಬಲಿ ಕೊಡಬೇಡಿ.

ಒಳಗೆ ಇಳಿಯಲೇಬೇಕಾದರೆ ಅದು ಒಬ್ಬರ ಕೆಲಸವಲ್ಲ. ಫೀಲ್ಡಿಗೆ ನೇರ ವಿದ್ಯುತ್ ಕೊಡುವ ಟ್ರಾನ್ಸ್‌ಫಾರ್ಮರ್ ರೆಕ್ಟಿಫೈಯರ್ ಬಂದ್ ಮಾಡಿ, ಬೀಗದ ಕೀಲಿಗಳನ್ನು ಕ್ರಮವಾಗಿ ತೆಗೆದು ಕೀಲಿಗಳು ಒಳಗೆ ಇಳಿಯುವವರ ಕೈಯಲ್ಲಿಯೇ ಇರಬೇಕು. ಬಾಗಿಲು ತೆರೆದ ಕೂಡಲೇ ಅರ್ಥಿಂಗ್ ರಾಡನ್ನು ತಂತಿಗಳ ಚೌಕಟ್ಟಿಗೆ ತಗುಲಿಸಿ ಅಲ್ಲಿಯೇ ಬಿಡಬೇಕು. ಪಕ್ಕದ ಫೀಲ್ಡ್‌ಗೂ ಅರ್ಥ್ ಮಾಡಬೇಕು. ವಿದ್ಯುತ್ ತೆಗೆದ ಮೇಲೂ ಒಳಗೆ ವಿದ್ಯುದಂಶ ಉಳಿದಿರುತ್ತದೆ. ಹಾಪರುಗಳು ಖಾಲಿಯೆಂದು ಕಣ್ಣಾರೆ ನೋಡಿ, ಆಮ್ಲಜನಕ ಮತ್ತು ಕಾರ್ಬನ್ ಮೊನಾಕ್ಸೈಡ್ ಅಳೆದು, ಹೊರಗೆ ಕಾವಲಿಗೆ ಒಬ್ಬರನ್ನು ನಿಲ್ಲಿಸಿ, ಪರ್ಮಿಟ್ ಪಡೆದೇ ಒಳಗೆ ಹೋಗಬೇಕು. ಈ ಬೀಗಗಳ ಕ್ರಮವನ್ನು (ಇಂಟರ್‌ಲಾಕ್) ತಪ್ಪಿಸಲು ಎರಡನೆಯ ಕೀಲಿ ಇಟ್ಟುಕೊಂಡಿರುವ ಜಾಗಗಳಿವೆ. ಅಂಥ ಕೀಲಿ ಕಂಡರೆ ಕೆಲಸ ನಿಲ್ಲಿಸಿ ಅದನ್ನು ಸುರಕ್ಷತಾ ಅಧಿಕಾರಿಗೆ ಒಪ್ಪಿಸಿ.

ಎಲ್ಲ ಫೀಲ್ಡ್ ಓಡುತ್ತಿವೆ, ಹೊಗೆ ಇದ್ದೇ ಇದೆ

ಮೊದಲ ಪ್ರಶ್ನೆ: ಕಲ್ಲಿದ್ದಲು ಬದಲಾಯಿತೇ? ಹೊಸ ಹಡಗಿನದು ಯಾವಾಗ ಬಂಕರಿಗೆ (ಬಾಯ್ಲರಿಗೆ ಹೋಗುವ ಕಲ್ಲಿದ್ದಲಿನ ತೊಟ್ಟಿ) ಬಿತ್ತು, ಹೊಗೆ ಯಾವಾಗ ಶುರುವಾಯಿತು, ಎರಡು ಸಮಯಗಳನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ.

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಬಹುತೇಕ ಶೇ. 30ರಿಂದ 45. ಇಂಡೋನೇಷ್ಯಾದ ಕಲ್ಲಿದ್ದಲಿನಲ್ಲಿ ಅದು ಶೇ. 10ಕ್ಕಿಂತ ಕಡಿಮೆ ಇರುವುದೇ ಹೆಚ್ಚು. ಬೂದಿ ಕಡಿಮೆಯಾದರೆ ಹೊಗೆಯೂ ಕಡಿಮೆಯಾಗಬೇಕಲ್ಲ ಎಂದು ಅನಿಸುವುದು ಸಹಜ. ಹಾಗಾಗದಿರಲು ಕಾರಣ ಗಂಧಕ. ಗಂಧಕ ಕಡಿಮೆಯಿರುವ ಕಲ್ಲಿದ್ದಲಿನ ಬೂದಿ ವಿದ್ಯುತ್ತನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದರ ರೋಧಶಕ್ತಿ ಸೆಂಟಿಮೀಟರ್ ಲೆಕ್ಕದಲ್ಲಿ ಸುಮಾರು ಹತ್ತು ಸಾವಿರ ಕೋಟಿ ಓಮ್ ದಾಟಿತೆಂದರೆ ತಗಡಿಗೆ ಅಂಟಿದ ಬೂದಿಯ ಪದರದೊಳಗೇ ವಿದ್ಯುತ್ ಸಿಡಿಯುತ್ತದೆ. ಇದಕ್ಕೆ ಬ್ಯಾಕ್ ಕರೋನ ಎನ್ನುತ್ತಾರೆ. ಗುರುತು ಹಿಡಿಯುವುದು ಸುಲಭ: ನೀವು ಕರೆಂಟ್ ಏರಿಸುತ್ತ ಹೋದಂತೆ ವೋಲ್ಟೇಜ್ ಒಂದು ಹಂತದವರೆಗೆ ಏರಿ, ಆಮೇಲೆ ಹಿಂದಕ್ಕೆ ಬಾಗುತ್ತದೆ. ಅಲ್ಲಿಂದ ಮುಂದೆ ಎಷ್ಟು ವಿದ್ಯುತ್ ಸುರಿದರೂ ಹೊಗೆ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ವೋಲ್ಟೇಜ್ ಏರಿಸಲು ಓಡಬೇಡಿ ಎಂದು ಮೊದಲೇ ಹೇಳಿದ್ದು ಇದಕ್ಕೂ ಸೇರಿ.

ಪರಿಹಾರವೂ ಅಗ್ಗದ್ದರಿಂದಲೇ ಶುರುವಾಗಲಿ. ಕರೆಂಟನ್ನು ಬಾಗುವ ಬಿಂದುವಿನ ಕೆಳಗೆ ಇಳಿಸಿ. ನಿರಂತರ ವಿದ್ಯುತ್ತಿನ ಬದಲು ಬಿಟ್ಟು ಬಿಟ್ಟು ಕೊಡುವ ಕ್ರಮಕ್ಕೆ ಬದಲಿಸಿ. ರಾತ್ರಿ ಲೋಡ್ ಕಡಿಮೆಯಿರುವಾಗ ಒಂದೊಂದೇ ಫೀಲ್ಡಿನ ವಿದ್ಯುತ್ ತೆಗೆದು ಸುತ್ತಿಗೆ ಹೊಡೆಸಿ, ಅಂಟಿದ ಪದರ ಉದುರಲಿ. ಬೇರೆ ಕಲ್ಲಿದ್ದಲಿನ ಜೊತೆ ಬೆರೆಸಿ ನೋಡಿ. ಇವುಗಳಿಂದ ಆಗದಿದ್ದರೆ ಮಾತ್ರ ಅನಿಲಕ್ಕೆ ಅಮೋನಿಯಾ ಅಥವಾ ಗಂಧಕದ ಟ್ರೈಆಕ್ಸೈಡ್ ಬೆರೆಸುವ ಮಾತು. ಅದು ತಯಾರಕರ ಮತ್ತು ತಜ್ಞರ ಕೆಲಸ, ಪಾಳಿಯವರ ಕೆಲಸವಲ್ಲ.

ಇಎಸ್‌ಪಿ ಶೇ. 99.9ರಷ್ಟು ಬೂದಿ ಹಿಡಿಯುತ್ತಿದ್ದುದು 99.8ಕ್ಕೆ ಇಳಿದರೆ ಕಾಗದದ ಮೇಲೆ ಏನೂ ಆಗಿಲ್ಲವೆಂದು ಕಾಣುತ್ತದೆ. ಚಿಮಣಿಯಿಂದ ಹೊರಬೀಳುವ ಬೂದಿ ಮಾತ್ರ ಎರಡರಷ್ಟಾಗಿರುತ್ತದೆ.

ಐಡಿ ಫ್ಯಾನ್ ಪೂರ್ತಿ ತೆರೆದರೂ ಎಳೆತ ಸಾಲುತ್ತಿಲ್ಲ

ಹಳೆಯ ಘಟಕದ ದೊಡ್ಡ ಕಾಯಿಲೆ ಗಾಳಿಯ ಸೋರಿಕೆ. ಬಾಯ್ಲರಿನಿಂದ ಐಡಿ ಫ್ಯಾನಿನವರೆಗಿನ (ಹೊಗೆಯನ್ನು ಎಳೆದು ಚಿಮಣಿಗೆ ತಳ್ಳುವ ಫ್ಯಾನ್) ಹಾದಿಯಲ್ಲಿ ಒಳಗಿನ ಒತ್ತಡ ಹೊರಗಿಗಿಂತ ಕಡಿಮೆ. ಆದ್ದರಿಂದ ಬಿರುಕಿದ್ದಲ್ಲೆಲ್ಲ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಅನಿಲದ ಗಾತ್ರ ಹೆಚ್ಚಿ ಇಎಸ್‌ಪಿಯೊಳಗೆ ಅದರ ವೇಗ ಏರುತ್ತದೆ, ಬೂದಿಗೆ ತಗಡು ಸೇರಲು ಪುರಸೊತ್ತು ಸಿಗುವುದಿಲ್ಲ.

ಹುಡುಕುವ ದಾರಿ ಆಮ್ಲಜನಕದ ಅಳತೆ. ಹೊಗೆಯ ಬಿಸಿಯಿಂದ ಬಾಯ್ಲರಿನ ಗಾಳಿಯನ್ನು ಕಾಯಿಸುವ ಏರ್ ಪ್ರಿಹೀಟರಿಗೆ ಮೊದಲು ಶೇ. 3.5 ಇದ್ದದ್ದು ಆಮೇಲೆ ಶೇ. 6 ಆಗಿದೆಯೆನ್ನಿ. ಹೆಚ್ಚಳ 2.5. ಅದನ್ನು 21ರಿಂದ 6 ಕಳೆದ 15ರಿಂದ ಭಾಗಿಸಿ 90ರಿಂದ ಗುಣಿಸಿದರೆ ಸೋರಿಕೆ ಸುಮಾರು ಶೇ. 15. ಇಷ್ಟಾದರೆ ಪ್ರಿಹೀಟರಿನ ಸೀಲುಗಳು ಸವೆದಿವೆ. ಮುಂದಿನ ದುರಸ್ತಿಗೆ ಬರೆದಿಡಿ. ಇಎಸ್‌ಪಿ ದಾಟಿದ ಮೇಲೆ 6 ಇದ್ದದ್ದು 8 ಆಗಿದ್ದರೆ ಇನ್ನೂ ಕೆಟ್ಟದ್ದು: ಅನಿಲದ ಗಾತ್ರ ಮತ್ತೆ ಶೇ. 15ರಷ್ಟು ಉಬ್ಬಿದೆ. ಆಗ ಬಟ್ಟೆಯ ಎಕ್ಸ್‌ಪ್ಯಾನ್ಷನ್ ಜಾಯಿಂಟ್‌ಗಳು, ಬಾಗಿಲುಗಳ ಸಂದಿ ಮುಚ್ಚುವ ಹಗ್ಗ, ಹಾಪರಿನ ಅಂಚುಗಳು, ಇವನ್ನು ಒಂದೊಂದಾಗಿ ನೋಡಬೇಕು. ಘಟಕ ಓಡುತ್ತಿರುವಾಗಲೇ ಸದ್ದು ಕೇಳಿ, ತೆಳುವಾದ ಬಟ್ಟೆಯ ಪಟ್ಟಿಯನ್ನು ಹತ್ತಿರ ಹಿಡಿದು ಸೆಳೆತ ನೋಡಬಹುದು.

ಇನ್ನೊಂದು ಮಾತು ಇಲ್ಲಿಯೇ. ಸೋರಿದ ಗಾಳಿ ಹೊಗೆಯನ್ನು ತೆಳುವಾಗಿಸುವುದರಿಂದ ಘನ ಮೀಟರಿನ ಲೆಕ್ಕದಲ್ಲಿ ಬೂದಿ ಕಡಿಮೆ ಕಾಣುತ್ತದೆ. ಅದಕ್ಕೇ ಅಳತೆಯನ್ನು ಶೇ. 6 ಆಮ್ಲಜನಕಕ್ಕೆ ಸರಿಹೊಂದಿಸಿ ವರದಿ ಮಾಡಬೇಕೆಂಬ ನಿಯಮವಿದೆ. ಸರಿಹೊಂದಿಸದ ಅಂಕಿಯನ್ನು ತೋರಿಸಿ ನೆಮ್ಮದಿಯಾಗಿರುವುದು ಜನರಿಗೆ ಮಾಡುವ ವಂಚನೆ.

ಕಪ್ಪು ಹೊಗೆ

ಶುರುಮಾಡುವಾಗ ಎಣ್ಣೆ ಉರಿಸುವ ಹೊತ್ತಿನಲ್ಲಿ ಸ್ವಲ್ಪ ಹೊತ್ತು ಕಪ್ಪು ಕಂಡರೆ ಎಣ್ಣೆಯ ಬರ್ನರಿನ ತುದಿ, ಹಬೆಯ ಒತ್ತಡ ನೋಡಿ. ಲೋಡಿನಲ್ಲಿರುವಾಗ ಕಪ್ಪು ಬಂದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಮಿಲ್ ಕಲ್ಲಿದ್ದಲನ್ನು ನುಣ್ಣಗೆ ಅರೆಯುತ್ತಿಲ್ಲ. ಅರೆದ ಪುಡಿಯಲ್ಲಿ ಕನಿಷ್ಠ ಶೇ. 70 ಭಾಗ 200 ಮೆಶ್ ಜರಡಿಯಲ್ಲಿ ಇಳಿಯಬೇಕೆಂಬುದು ಸಾಮಾನ್ಯ ಅಳತೆ. ಬೂದಿಯನ್ನು ಬಿಳಿ ಕಾಗದದ ಮೇಲೆ ಉಜ್ಜಿದಾಗ ಕಪ್ಪು ಗೀರು ಬಿದ್ದರೆ ಉರಿಯದ ಇಂಗಾಲ ಉಳಿದಿದೆ.

ಇದನ್ನು ಹಗುರವಾಗಿ ಕಾಣಬೇಡಿ. ಉರಿಯದ ಇಂಗಾಲ ಹಾಪರಿನಲ್ಲಿ ಸೇರಿದರೆ ಇಎಸ್‌ಪಿಯ ಕಿಡಿಗೆ ಹೊತ್ತಿಕೊಳ್ಳುತ್ತದೆ. ಎಣ್ಣೆ ಉರಿಯುವಾಗ ಮತ್ತು ಕಾರ್ಬನ್ ಮೊನಾಕ್ಸೈಡ್ ಏರಿರುವಾಗ ಇಎಸ್‌ಪಿಗೆ ವಿದ್ಯುತ್ ಕೊಡುವ ಮೊದಲು ನಿಮ್ಮ ಸ್ಥಾವರದ ಲಿಖಿತ ಕ್ರಮ ಏನು ಹೇಳುತ್ತದೆಯೋ ಅದನ್ನೇ ಅನುಸರಿಸಿ. ಹಾಪರ್ ಹೊರಮೈ ಇದ್ದಕ್ಕಿದ್ದಂತೆ ಬಿಸಿಯಾಗಿ ಬಣ್ಣ ಸುಟ್ಟರೆ ಒಳಗೆ ಬೆಂಕಿಯಿದೆ. ಬಾಗಿಲು ತೆರೆಯಬೇಡಿ, ಗಾಳಿ ಸಿಕ್ಕರೆ ಅದು ಭಗ್ಗೆನ್ನುತ್ತದೆ. ಫೀಲ್ಡ್‌ಗಳ ವಿದ್ಯುತ್ ತೆಗೆದು ಅಗ್ನಿಶಾಮಕ ದಳವನ್ನು ಕರೆಯಿರಿ. ಹೊಗೆಯಾಡುವ ಮಿಲ್‌ಗೂ ಇದೇ ನಿಯಮ.

ಕೆಲವು ನಿಮಿಷಗಳಿಗೊಮ್ಮೆ ಹೊಗೆಯ ಉಂಡೆ

ಸುತ್ತಿಗೆಗಳ ಸಮಯದೊಡನೆ ಹೋಲಿಸಿ ನೋಡಿ. ಕೊನೆಯ ಫೀಲ್ಡಿನ ಸುತ್ತಿಗೆ ಹೊಡೆದಾಗಲೆಲ್ಲ ಉಂಡೆ ಬಂದರೆ ಆ ಸಾಲಿನ ಏಟುಗಳು ಅತಿಯಾಗಿವೆ ಅಥವಾ ಎರಡು ಫೀಲ್ಡ್ ಒಟ್ಟಿಗೆ ಹೊಡೆಯುತ್ತಿವೆ. ಬಾಯ್ಲರಿನ ಸೂಟ್ ಬ್ಲೋಯಿಂಗ್ (ಕೊಳವೆಗಳ ಮಸಿ ಊದಿ ತೆಗೆಯುವ) ಹೊತ್ತಿಗೆ ಬಂದರೆ ಅದರ ಕ್ರಮ ಹಂಚಿ. ಟೈಮರ್ ತಿದ್ದಿದರೆ ಮುಗಿಯುವ ಕೆಲಸ.

ಗಂಧಕದ ಅಂಕಿ ಏರಿದೆ

ಮೊದಲು ಎಫ್‌ಜಿಡಿಯ ಪಿಎಚ್ (ಆಮ್ಲತೆಯ) ಮಾಪಕವನ್ನೇ ಅನುಮಾನಿಸಿ. ಸುಣ್ಣಕಲ್ಲಿನ ರೊಜ್ಜಿನಲ್ಲಿ ಮುಳುಗಿರುವ ಅದರ ತುದಿಗೆ ಹಕ್ಕಳೆ ಕಟ್ಟುವುದು ನಿತ್ಯದ ಮಾತು. ಮಾದರಿ ತೆಗೆದು ಪ್ರಯೋಗಾಲಯದಲ್ಲಿ ನೋಡಿ. ನಿಜವಾಗಿಯೂ 5ಕ್ಕಿಂತ ಇಳಿದಿದ್ದರೆ ಸುಣ್ಣಕಲ್ಲು ಸಾಲುತ್ತಿಲ್ಲ: ಹಾಕುವ ಪಂಪು, ಕವಾಟ, ಪುಡಿಯ ನುಣುಪು ನೋಡಿ. ಸುಣ್ಣಕಲ್ಲು ಎಷ್ಟು ಹಾಕಿದರೂ ಪಿಎಚ್ ಏರದಿದ್ದರೆ ನಿಲ್ಲಿಸಿ. ಇಎಸ್‌ಪಿ ದಾಟಿ ಬಂದ ಬೂದಿಯ ಅಲ್ಯೂಮಿನಿಯಂ ಮತ್ತು ಫ್ಲೋರೈಡ್ ಸೇರಿ ಸುಣ್ಣಕಲ್ಲಿನ ಕಣಗಳಿಗೆ ಪೊರೆ ಕಟ್ಟಿರುತ್ತವೆ. ಆಗ ದೋಷ ಮತ್ತೆ ಹಾಪರಿನ ಕಡೆಗೇ ಬೊಟ್ಟು ಮಾಡುತ್ತದೆ. ಹಳೆಯ ರೊಜ್ಜನ್ನು ಸ್ವಲ್ಪ ಹೊರಹಾಕಿ ಹೊಸದು ತುಂಬಬೇಕು.

ಪಿಎಚ್ ಸರಿಯಿದ್ದು ಗಂಧಕ ಮಾತ್ರ ಇಳಿಯದಿದ್ದರೆ ಮೇಲಿನ ಸಿಂಪಡಣೆಯ ಮೂತಿಗಳು ಕಟ್ಟಿರಬಹುದು. ಪಂಪಿನ ಕರೆಂಟ್ ಇಳಿದು ಒತ್ತಡ ಏರಿದ್ದರೆ ಅದೇ. ಹನಿ ತಡೆಯುವ ಜಾಲರಿಯ ಎರಡು ಬದಿಯ ಒತ್ತಡದ ಅಂತರ ದಿನದಿನಕ್ಕೆ ಹೆಚ್ಚುತ್ತಿದ್ದರೆ ತೊಳೆಯುವ ನೀರು ಸರಿಯಾಗಿ ಬರುತ್ತಿಲ್ಲ. ಅದನ್ನು ಕಡೆಗಣಿಸಿದರೆ ಚಿಮಣಿಯಿಂದ ರೊಜ್ಜಿನ ಹನಿಗಳು ಸುತ್ತಲಿನ ಮನೆಗಳ ಮೇಲೆ, ವಾಹನಗಳ ಮೇಲೆ ಬಿಳಿ ಚುಕ್ಕೆಗಳಾಗಿ ಬೀಳುತ್ತವೆ.

2015ರ ಡಿಸೆಂಬರಿನ ಕೇಂದ್ರ ಅಧಿಸೂಚನೆ 2004ರಿಂದ 2016ರ ನಡುವಿನ ಘಟಕಗಳಿಗೆ ದೂಳಿನ ಮಿತಿಯನ್ನು ಘನ ಮೀಟರಿಗೆ 50 ಮಿಲಿಗ್ರಾಂ ಎಂದೂ, ಅವುಗಳಲ್ಲಿ 500 ಮೆಗಾವ್ಯಾಟ್ ಮತ್ತು ಅದಕ್ಕಿಂತ ದೊಡ್ಡವಕ್ಕೆ ಗಂಧಕದ ಡೈಆಕ್ಸೈಡಿನ ಮಿತಿಯನ್ನು 200 ಎಂದೂ ಇಟ್ಟಿತು. 2003ರ ಕೊನೆಗೆ ಮೊದಲಿನವಕ್ಕೆ ದೂಳು 100. 2025ರ ಜುಲೈಯ ತಿದ್ದುಪಡಿ ಬಹಳಷ್ಟು ಸ್ಥಾವರಗಳಿಗೆ ಗಂಧಕದ ಮಿತಿಯಿಂದ ವಿನಾಯಿತಿ ಕೊಟ್ಟಿತು. ಎಫ್‌ಜಿಡಿ ಕಟ್ಟಿ ನಿಲ್ಲಿಸಿರುವ ಕಡೆ ಅದನ್ನು ಓಡಿಸದಿರಲು ಈ ವಿನಾಯಿತಿ ನೆಪವಾಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಂಕಿಗಳು ತೀರಾ ಚೆನ್ನಾಗಿವೆ

ಇದೂ ಒಂದು ಲಕ್ಷಣವೇ. ಮಾಲಿನ್ಯ ನಿಯಂತ್ರಣ ಮಂಡಳಿಗೆ ನೇರವಾಗಿ ಅಂಕಿ ಕಳಿಸುವ ಆನ್‌ಲೈನ್ ಮಾಪಕ ಲೋಡ್ ಏರಿಳಿದರೂ, ಫೀಲ್ಡ್ ಟ್ರಿಪ್ ಆದರೂ ಒಂದೇ ಅಂಕಿ ತೋರಿಸುತ್ತಿದ್ದರೆ ಅದು ಅಳೆಯುತ್ತಿಲ್ಲ. ಗಾಜಿನ ಮೇಲೆ ಬೂದಿ, ಮಾದರಿ ಕೊಳವೆಯಲ್ಲಿ ನೀರು, ಗಾಜು ಒರೆಸುವ ಗಾಳಿಯ ಫ್ಯಾನ್ ನಿಂತಿರುವುದು, ಉಪ್ಪುಗಾಳಿಗೆ ಕಿಲುಬಿದ ತಂತಿ, ಈ ಕ್ರಮದಲ್ಲಿ ನೋಡಿ. ಒಂದು ಫೀಲ್ಡ್ ನಿಂತ ಸಮಯವನ್ನು ಆನ್‌ಲೈನ್ ದಾಖಲೆಯ ಜೊತೆ ಹೋಲಿಸಿದರೆ ಸುಳ್ಳು ಹೊರಬೀಳುತ್ತದೆ.

ಊರಿನವರಿಗೆ: ಎಲೆಯ ಮೇಲೆ, ಬಟ್ಟೆಯ ಮೇಲೆ ಕೂತದ್ದು ಏನು

ಮಲ್ಲಿಗೆ ಗಿಡದ ಎಲೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕೂತದ್ದನ್ನೆಲ್ಲ ಹಾರುಬೂದಿ ಎಂದು ಬರೆದರೆ ದೂರು ದುರ್ಬಲವಾಗುತ್ತದೆ. ಸ್ವಲ್ಪ ಪುಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ. ಕರಗಿ ಕಾಣೆಯಾದರೆ ಉಪ್ಪು. ಕರಾವಳಿಯ ಕೆಲವು ಸ್ಥಾವರಗಳ ತಂಪುಗೋಪುರದಲ್ಲಿ ಸಮುದ್ರದ ನೀರನ್ನೇ ಬಳಸುತ್ತಾರೆ, ಅಲ್ಲಿಂದ ಹಾರುವ ತುಂತುರು ಎಲೆಯ ಮೇಲೆ ಒಣಗಿ ಬಿಳಿಯಾಗುತ್ತದೆ. ಅದು ಬೇರೆ ದೋಷ, ಗೋಪುರದೊಳಗಿನ ಹನಿತಡೆಯ ದುರಸ್ತಿ ಆಗಬೇಕು. ಕರಗದೆ ಬೂದು ಬಣ್ಣದ ನುಣುಪಾದ ಕೆಸರಾಗಿ ತಳಕ್ಕಿಳಿದರೆ ಬೂದಿ. ಕಪ್ಪಾಗಿ, ಬೆರಳಿಗೆ ಹತ್ತಿದರೆ ಕಲ್ಲಿದ್ದಲ ದೂಳು, ಅದು ಸಾಮಾನ್ಯವಾಗಿ ಸ್ಥಾವರದ ಕಲ್ಲಿದ್ದಲಿನ ಅಂಗಳದಿಂದಲೋ ಮುಚ್ಚದ ವ್ಯಾಗನಿನಿಂದಲೋ ಬಂದದ್ದು, ಚಿಮಣಿಯಿಂದಲ್ಲ. ಒಣಬೂದಿಯ ಟ್ಯಾಂಕರ್ ಹೋಗುವ ರಸ್ತೆಯ ಬದಿಯಲ್ಲಿ ಮಾತ್ರ ಬೂದಿ ಕಂಡರೆ ದೋಷ ಲಾರಿಯ ಮುಚ್ಚಳದ್ದು.

ಗಾಳಿಯ ದಿಕ್ಕನ್ನೂ ಬರೆಯಿರಿ. ಬೇಸಗೆಯ ಹಗಲಿನಲ್ಲಿ ಗಾಳಿ ಕಡಲಿನಿಂದ ಪೂರ್ವಕ್ಕೆ, ರಾತ್ರಿ ಸಾಮಾನ್ಯವಾಗಿ ನೆಲದಿಂದ ಕಡಲಿಗೆ. ಚಳಿಗಾಲದ ಮುಂಜಾನೆ ಮೇಲಿನ ಬಿಸಿಗಾಳಿಯ ಪದರ ಕೆಳಗಿನ ಗಾಳಿಯನ್ನು ಕಟ್ಟಿಹಾಕುತ್ತದೆ. ಆಗ ಕೆಳಮಟ್ಟದಲ್ಲಿ ಏಳುವ ಅಂಗಳದ, ರಸ್ತೆಯ ದೂಳು ಮನೆಗಳ ಸುತ್ತಲೇ ಉಳಿಯುತ್ತದೆ. ಕಣ್ಣುರಿ, ಎದೆ ಬಿಗಿತ, ಮಕ್ಕಳಿಗೆ ಉಸಿರಾಟದ ತೊಂದರೆ ಕಂಡರೆ ಪರೀಕ್ಷೆ ಮಾಡುತ್ತ ಕೂರದೆ ಮೊದಲು ವೈದ್ಯರಲ್ಲಿಗೆ ಹೋಗಿ.

ದೂರನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಉಡುಪಿ ಪ್ರಾದೇಶಿಕ ಕಚೇರಿಗೆ ಲಿಖಿತವಾಗಿ ಕೊಟ್ಟು, ಪ್ರತಿಗೆ ಮುದ್ರೆ ಹಾಕಿಸಿಕೊಳ್ಳಿ. ದಿನಾಂಕ, ಗಂಟೆ, ಹೊಗೆಯ ಬಣ್ಣ, ಎಷ್ಟು ಹೊತ್ತು ಬಂತು, ಗಾಳಿ ಯಾವ ಕಡೆಗಿತ್ತು, ಸೂರ್ಯನನ್ನು ಬೆನ್ನಿಗಿಟ್ಟು ತೆಗೆದ ಚಿತ್ರ, ಒಣ ಪೊಟ್ಟಣದಲ್ಲಿ ಪುಡಿಯ ಮಾದರಿ, ಇಷ್ಟಿರಲಿ. ಆ ಗಂಟೆಯ ಆನ್‌ಲೈನ್ ಅಂಕಿಗಳನ್ನೂ, ಆಗ ಯಾವ ಫೀಲ್ಡ್‌ಗಳು ಓಡುತ್ತಿದ್ದವೆಂಬ ದಾಖಲೆಯನ್ನೂ ಕೊಡಿ ಎಂದು ಅದೇ ಅರ್ಜಿಯಲ್ಲಿ ಕೇಳಿ.